ಹುಟ್ಟುಗುಣವೂ ಹೊರಗಿನ ಚೋದನೆಯೂ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯು ನಮ್ಮಲ್ಲಿ ಬಹು ಬಳಕೆಯಲ್ಲಿದೆ. ಮನೆಯ ಜಗಲಿಯಲ್ಲಿಯೂ ಕಚೇರಿಯ ಮೇಜಿನ ಬಳಿಯಲ್ಲಿಯೂ ಈ ಮಾತು ಪದೇ ಪದೇ ಕೇಳಬರುವುದು. ಬೆಕ್ಕು ಇಲಿಯನ್ನು ಹಿಡಿದರೆ ಅದು ಹುಟ್ಟುಗುಣ. ಹುಳು ದೀಪಕ್ಕೆ ಬಿದ್ದರೆ ಅದೂ ಹುಟ್ಟುಗುಣ. ಒಬ್ಬನು ಸುಳ್ಳು ಹೇಳಿದರೆ ಅದೂ ಹುಟ್ಟುಗುಣ. ಹೀಗೆ ಒಂದೇ ಮಾತನ್ನು ಎಲ್ಲಕ್ಕೂ ಅನ್ವಯಿಸುವುದರಿಂದ ಆಡುವವನಿಗೆ ಸುಲಭವಾಗುವುದೇ ಹೊರತು ವಿಷಯವು ತಿಳಿಯಾಗುವುದಿಲ್ಲ. ಜೀವಿಗಳ ನಡತೆಯನ್ನು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಪರೀಕ್ಷಿಸುತ್ತ ಬಂದಿರುವ ವಿಜ್ಞಾನಿಗಳು ಈ ಒಂದು ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆಯೆಂದು ತೋರಿಸಿಕೊಟ್ಟಿದ್ದಾರೆ. ಹೊರಗಿನಿಂದ ಬಂದ ಚೋದನೆಗೆ ಶರೀರವು ಕೊಡುವ ಪ್ರತಿಕ್ರಿಯೆ ಒಂದು; ಒಳಗಿನ ಸಿದ್ಧತೆಯಿಂದ ಹೊರಟು, ಗೊತ್ತಾದ ಕ್ರಮದಲ್ಲಿ ಸಾಗಿ, ಒಂದು ಕಾರ್ಯವನ್ನು ಪೂರೈಸುವ ಸಹಜಪ್ರವೃತ್ತಿ ಇನ್ನೊಂದು. ಇವೆರಡರ ಭೇದವು ಕೇವಲ ಶಾಲೆಯ ಪಾಠಕ್ಕೆ ಸೇರಿದ್ದಲ್ಲ. ಇದನ್ನು ವಿಚಾರಿಸದೆ ಹೋದುದರಿಂದ ನಮ್ಮ ದೇಶದಲ್ಲಿ ಲಕ್ಷಾಂತರ ಜನರು ಹುಟ್ಟಿನಿಂದಲೇ ಅಪರಾಧಿಗಳೆನಿಸಿಕೊಂಡ ಕಾಲವೊಂದಿತ್ತು. ಆ ಸಂಗತಿಯನ್ನು ಕಡೆಯಲ್ಲಿ ನೋಡೋಣ. ಮೊದಲು ಗಿಡಗಳಿಂದಲೂ ಹುಳುಗಳಿಂದಲೂ ತೊಡಗುವುದು ಯುಕ್ತ.

ಮುಟ್ಟಿದರೆ ಮುನಿ

ಮಲೆನಾಡಿನ ದಾರಿಗಳ ಪಕ್ಕದಲ್ಲಿ ಬೆಳೆಯುವ ಮುಟ್ಟಿದರೆ ಮುನಿಯನ್ನು ಕಾಣದವರು ವಿರಳ. ಬೆರಳು ತಗುಲಿದೊಡನೆ ಅದರ ಎಲೆಗಳು ಮುದುಡಿಕೊಳ್ಳುವುವು. ಎಲೆಯ ಬುಡದಲ್ಲಿರುವ ಸಣ್ಣ ಗಂಟಿನ ಜೀವಕೋಶಗಳಿಂದ ನೀರು ಹೊರಕ್ಕೆ ಸರಿದು ಅವುಗಳ ಬಿಗುವು ತಪ್ಪುವುದೇ ಇದಕ್ಕೆ ಕಾರಣ. ಸ್ಪರ್ಶದ ಸುದ್ದಿಯು ವಿದ್ಯುತ್ತಿನ ಅಲೆಯಾಗಿ ಗಿಡದಲ್ಲಿ ಹರಿಯುವುದೆಂಬುದನ್ನು ಆಚಾರ್ಯ ಜಗದೀಶಚಂದ್ರ ಬೋಸರು ತಾವೇ ನಿರ್ಮಿಸಿದ ಸೂಕ್ಷ್ಮ ಯಂತ್ರಗಳಿಂದ ದಾಖಲಿಸಿದರು. 1917ರಲ್ಲಿ ಕಲ್ಕತ್ತೆಯಲ್ಲಿ ಅವರು ಸ್ಥಾಪಿಸಿದ ವಿಜ್ಞಾನಮಂದಿರದಲ್ಲಿ ಇಂತಹ ಶೋಧನೆಗಳು ಬಹುಕಾಲ ನಡೆದವು. ಇಲ್ಲಿ ಗಿಡವು ನಾಚುವುದೂ ಇಲ್ಲ, ಮುನಿಯುವುದೂ ಇಲ್ಲ. ಮುಟ್ಟುವುದು ಕಾರಣ, ಮುದುಡುವುದು ಕಾರ್ಯ.

ವೈದ್ಯರು ಮಂಡಿಯ ಕೆಳಗೆ ಚಿಕ್ಕ ಸುತ್ತಿಗೆಯಿಂದ ತಟ್ಟಿದಾಗ ನಮ್ಮ ಕಾಲು ಮುಂದಕ್ಕೆ ಚಿಮ್ಮುವುದೂ ಇದೇ ವರ್ಗದ್ದು. ಸುದ್ದಿಯು ಒಂದು ನರದಿಂದ ಬೆನ್ನುಹುರಿಗೆ ಹೋಗಿ, ಇನ್ನೊಂದು ನರದಿಂದ ಸ್ನಾಯುವಿಗೆ ಮರಳುವುದು. ಮಿದುಳಿನ ಅಪ್ಪಣೆಗಾಗಿ ಅದು ಕಾಯುವುದಿಲ್ಲ. ಇಂತಹ ಪ್ರತಿಕ್ರಿಯೆಯ ಲಕ್ಷಣಗಳು ಸರಳವಾದುವು. ಚೋದನೆಯಿಲ್ಲದೆ ಅದು ಹುಟ್ಟದು. ಚೋದನೆ ತೀರಿದೊಡನೆ ಅದೂ ತೀರುವುದು. ಸಾಮಾನ್ಯವಾಗಿ ಒಂದು ಅಂಗವೋ ಒಂದು ಚಲನೆಯೋ ಅದರ ವ್ಯಾಪ್ತಿ.

ದೀಪದ ಹುಳುವಿನ ಕಥೆಯನ್ನು ಇಲ್ಲಿಯೇ ಹೇಳಬೇಕು. ಪತಂಗವು ದೀಪವನ್ನು ಮೋಹಿಸಿ ಪ್ರಾಣ ಬಿಡುವುದೆಂದು ಕವಿಗಳು ಸಾವಿರಾರು ವರ್ಷಗಳಿಂದ ವರ್ಣಿಸಿದ್ದಾರೆ. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಈ ಮೋಹದ ಮರ್ಮವನ್ನು ಬಿಡಿಸಿತು. ಅತಿ ವೇಗದ ಕ್ಯಾಮರಾಗಳಿಂದ ಹುಳುಗಳ ಹಾರಾಟವನ್ನು ಚಿತ್ರಿಸಿ ನೋಡಿದಾಗ, ಅವು ದೀಪದ ಕಡೆಗೆ ನೇರವಾಗಿ ನುಗ್ಗದೆ, ದೀಪಕ್ಕೆ ಬೆನ್ನು ತಿರುಗಿಸಿಕೊಳ್ಳುವುವೆಂದು ಕಂಡುಬಂದಿತು. ರಾತ್ರಿಯಲ್ಲಿಯೂ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಕಾಗಿರುವುದರಿಂದ, ಬೆಳಕಿನ ಕಡೆಗೆ ಬೆನ್ನಿಟ್ಟರೆ ಮೈಯು ಸಮವಾಗಿ ನಿಲ್ಲುವುದು. ಕೋಟ್ಯಂತರ ವರ್ಷಗಳಿಂದ ಈ ಉಪಾಯವು ಹುಳುವಿಗೆ ಮೋಸ ಮಾಡಿರಲಿಲ್ಲ. ಮನುಷ್ಯನ ದೀಪವು ಪಕ್ಕದಲ್ಲಿ ಬಂದು ನಿಂತ ಮೇಲೆ ಅದೇ ಉಪಾಯವು ಹುಳುವನ್ನು ಸುತ್ತಿಸಿ, ಮಗುಚಿ, ಕೆಡವತೊಡಗಿತು. ನಾವು ಗಾಢವಾದ ಹುಟ್ಟುಮೋಹವೆಂದು ತಿಳಿದದ್ದು ಮೈಯನ್ನು ನೆಟ್ಟಗಿರಿಸಿಕೊಳ್ಳುವ ಒಂದು ಪ್ರತಿಕ್ರಿಯೆ ಮಾತ್ರವೆಂದಾಯಿತು.

ಹೆಬ್ಬಾತಿನ ಮೊಟ್ಟೆ

ಇನ್ನು ಸಹಜಪ್ರವೃತ್ತಿಯ ಕಡೆಗೆ ತಿರುಗೋಣ. ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ ಮತ್ತು ಹಾಲೆಂಡಿನ ನಿಕೊ ಟಿನ್ಬರ್ಗೆನ್ ಎಂಬಿಬ್ಬರು 1938ರಲ್ಲಿ ಬೂದುಬಣ್ಣದ ಹೆಬ್ಬಾತಿನ ಮೇಲೆ ನಡೆಸಿದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಈ ಹಕ್ಕಿಯು ನೆಲದ ಮೇಲೆ ಗೂಡು ಮಾಡುವುದು. ಕಾವು ಕುಳಿತಿರುವಾಗ ಮೊಟ್ಟೆಯೊಂದು ಗೂಡಿನ ಹೊರಗೆ ಉರುಳಿದರೆ, ಹಕ್ಕಿಯು ಕೊರಳನ್ನು ನೀಡಿ, ಕೊಕ್ಕಿನ ಕೆಳಭಾಗವನ್ನು ಮೊಟ್ಟೆಯ ಆಚೆಗಿಟ್ಟು, ಮೆಲ್ಲನೆ ಎದೆಯ ಕಡೆಗೆ ಸೆಳೆದುಕೊಳ್ಳುವುದು. ಮೊಟ್ಟೆಯು ಅತ್ತಿತ್ತ ಜಾರದಂತೆ ಕೊಕ್ಕನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿರುವುದು. ನೋಡುವವರಿಗೆ ಇದೆಲ್ಲ ತಾಯಿಯ ಒಂದೇ ಜಾಣತನದ ಕೆಲಸವೆಂದು ತೋರುವುದು.

ಆದರೆ ಹಕ್ಕಿಯು ಸೆಳೆಯತೊಡಗಿದ ಮೇಲೆ ಪರೀಕ್ಷಕರು ಮೊಟ್ಟೆಯನ್ನು ತೆಗೆದುಬಿಟ್ಟರು. ಆಗ ನಡೆದದ್ದು ಗಮನಾರ್ಹವಾದುದು. ಹಕ್ಕಿಯು ಕೊರಳನ್ನು ಸೆಳೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಇಲ್ಲದ ಮೊಟ್ಟೆಯನ್ನು ಗೂಡಿನವರೆಗೂ ತಂದು ಮುಟ್ಟಿಸಿತು. ಆದರೆ ಎಡಬಲಕ್ಕೆ ಆಡುವುದು ಮಾತ್ರ ಒಡನೆಯೇ ನಿಂತುಹೋಯಿತು. ಜಾರುವ ಮೊಟ್ಟೆಯಿಲ್ಲದಿದ್ದುದರಿಂದ ಕೊಕ್ಕು ನೇರವಾಗಿ ಬಂದಿತು.

ಒಂದೇ ಕೆಲಸದಲ್ಲಿ ಎರಡೂ ತತ್ವಗಳು ಹೆಣೆದುಕೊಂಡಿರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವು ದೊರೆಯುವುದು ಕಷ್ಟ. ಎಡಬಲದ ಚಲನೆಯು ಕ್ಷಣಕ್ಷಣಕ್ಕೂ ಮೊಟ್ಟೆಯ ಸ್ಪರ್ಶವನ್ನು ಅವಲಂಬಿಸಿದ್ದ ಪ್ರತಿಕ್ರಿಯೆ. ಸ್ಪರ್ಶವು ತಪ್ಪಿದೊಡನೆ ಅದು ತಪ್ಪಿತು. ಸೆಳೆಯುವ ಚಲನೆಯಾದರೋ ಮೊಟ್ಟೆಯನ್ನು ಕಂಡು ಆರಂಭವಾದರೂ, ಆರಂಭವಾದ ಮೇಲೆ ಮೊಟ್ಟೆಯ ಹಂಗಿಲ್ಲದೆ ತನ್ನ ಕೊನೆಯನ್ನು ಮುಟ್ಟಿತು. ಅದಕ್ಕೆ ಹೊರಗಿನ ವಸ್ತುವು ಬಾಗಿಲಿನ ಬೀಗದ ಕೈ ಇದ್ದಂತೆ. ಬಾಗಿಲು ತೆರೆದ ಮೇಲೆ ಒಳಗಿನಿಂದ ಹೊರಡುವುದು ವಂಶದಿಂದ ಬಂದ ಒಂದು ಪೂರ್ಣವಾದ ವಿಧಾನ. ಸಹಜಪ್ರವೃತ್ತಿಯೆಂಬ ಹೆಸರು ಇದಕ್ಕೆ ಸಲ್ಲತಕ್ಕದ್ದು. ಕಾವಿನ ಕಾಲದಲ್ಲಿ ಹೆಬ್ಬಾತು ಮೊಟ್ಟೆಗೆ ಬದಲಾಗಿ ಮರದ ಗುಂಡನ್ನಿಟ್ಟರೂ ಸೆಳೆದುಕೊಳ್ಳುವುದು; ಆ ಕಾಲವು ಕಳೆದ ಮೇಲೆ ನಿಜವಾದ ಮೊಟ್ಟೆಯನ್ನೂ ಲಕ್ಷಿಸುವುದಿಲ್ಲ. ಬೀಗದ ಕೈ ಅದೇ ಆದರೂ ಒಳಗೆ ಸಿದ್ಧತೆಯಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲವೆಂದು ಅರ್ಥ.

ಒಳಗಿನ ಸಿದ್ಧತೆ

ಈ ಒಳಗಿನ ಸಿದ್ಧತೆಯೆಂಬುದು ಏನು? ಅದು ಮಾಯೆಯಲ್ಲ, ಶರೀರದ ಸ್ಥಿತಿ. ಜಾಕ್ ಲೋಬ್ ಎಂಬ ಪಂಡಿತನು 19ನೆಯ ಶತಮಾನದ ಕೊನೆಯಲ್ಲಿ ಒಂದು ಜಾತಿಯ ಕಂಬಳಿಹುಳುಗಳನ್ನು ಪರೀಕ್ಷಿಸಿದನು. ಚಳಿಗಾಲದ ನಿದ್ರೆಯಿಂದ ಎದ್ದ ಹಸಿದ ಮರಿಗಳು ಬೆಳಕಿನ ಕಡೆಗೆ ತೆವಳುತ್ತ ಕೊಂಬೆಯ ತುದಿಯನ್ನು ಸೇರುವುವು. ಮೊದಲ ಚಿಗುರು ಇರುವುದೂ ಅಲ್ಲಿಯೇ. ಇದು ಆಹಾರವನ್ನು ಅರಸುವ ಜಾಣ್ಮೆಯಿರಬಹುದೆಂದು ಯಾರಾದರೂ ಊಹಿಸಿಯಾರು. ಲೋಬನು ಅವುಗಳನ್ನು ಗಾಜಿನ ಕೊಳವೆಯಲ್ಲಿಟ್ಟು, ಬೆಳಕನ್ನು ಒಂದು ಕಡೆಗೂ ಆಹಾರವನ್ನು ಮತ್ತೊಂದು ಕಡೆಗೂ ಮಾಡಿದನು. ಹುಳುಗಳು ಬೆಳಕಿನ ತುದಿಯಲ್ಲಿಯೇ ಗುಂಪುಗೂಡಿ ಹಸಿವಿನಿಂದ ಸತ್ತುವೇ ಹೊರತು ಹಿಂದಿದ್ದ ಎಲೆಯ ಕಡೆಗೆ ತಿರುಗಲಿಲ್ಲ. ಆದರೆ ಒಮ್ಮೆ ಹೊಟ್ಟೆ ತುಂಬಿದ ಹುಳುವಿಗೆ ಬೆಳಕಿನ ಈ ಸೆಳೆತವು ಇಲ್ಲವಾಗುವುದು. ಆದುದರಿಂದಲೇ ತುದಿಯ ಚಿಗುರು ಮುಗಿದ ಮೇಲೆ ಅದು ಕೆಳಗಿಳಿದು ಬೇರೆಯ ಎಲೆಗಳನ್ನು ಸೇರಬಲ್ಲುದು. ಅಂದರೆ ಸರಳವಾದ ಪ್ರತಿಕ್ರಿಯೆ ಕೂಡ ಒಳಗಿನ ಹಸಿವು ತೃಪ್ತಿಗಳನ್ನು ಅನುಸರಿಸಿ ಬದಲಾಗುವುದುಂಟು. ಎರಡು ವರ್ಗಗಳ ನಡುವೆ ಕಲ್ಲಿನ ಗೋಡೆಯಿಲ್ಲವೆಂಬುದನ್ನು ವಾಚಕರು ಇಲ್ಲಿ ನೆನಪಿಡಬೇಕು. ಸಸ್ಯಗಳಲ್ಲಿಯೂ ಒಳಗಿನ ಗಡಿಯಾರವೊಂದುಂಟು. ಸಂಜೆಗೆ ಮುದುಡುವ ಗಿಡವೊಂದನ್ನು ಕತ್ತಲೆಯಲ್ಲಿಟ್ಟರೂ ಅದು ಹೊತ್ತಿಗೆ ಸರಿಯಾಗಿ ಎಲೆಗಳನ್ನು ಬಿಚ್ಚಿ ಮುಚ್ಚುತ್ತಿದ್ದುದನ್ನು ಫ್ರಾನ್ಸಿನ ದ ಮೆರಾನ್ ಎಂಬಾತನು 1729ರಲ್ಲಿಯೇ ವರದಿ ಮಾಡಿದ್ದನು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುವು. ಮಧ್ಯ ಏಷ್ಯದಿಂದ ಹೊರಟು, ಹಿಮಾಲಯವನ್ನು ದಾಟಿ, ಬಯಲುಸೀಮೆಯ ಈ ನೀರಿಗೆ ಅವು ಬರುವುದನ್ನು ನೋಡಿದವರು, ಚಳಿಯೇ ಅವುಗಳನ್ನು ಅಟ್ಟಿತೆಂದು ಹೇಳಿಬಿಡುವುದು ಸಹಜ. ಚಳಿಯೂ ಆಹಾರದ ಅಭಾವವೂ ಕಾರಣಗಳಿರಬಹುದು; ಆದರೆ ಅಷ್ಟೇ ಅಲ್ಲ. ಎಬರ್ಹಾರ್ಡ್ ಗ್ವಿನ್ನರ್ ಎಂಬ ಜರ್ಮನ್ ವಿಜ್ಞಾನಿಯು 1960ರ ದಶಕದಲ್ಲಿ ವಲಸೆಹೋಗುವ ಸಣ್ಣ ಹಕ್ಕಿಗಳನ್ನು ಹಗಲಿರುಳುಗಳ ಪ್ರಮಾಣವೂ ಸೆಕೆಚಳಿಯೂ ವರ್ಷವಿಡೀ ಬದಲಾಗದ ಕೋಣೆಗಳಲ್ಲಿ ಸಾಕಿದನು. ಹೊರಗೆ ಋತುವು ಬದಲಾದ ಸುದ್ದಿಯು ಅವುಗಳಿಗೆ ತಿಳಿಯುವ ಮಾರ್ಗವೇ ಇರಲಿಲ್ಲ. ಆದರೂ ಕಾಲವು ಸುತ್ತಿ ಬಂದಾಗ ಅವು ರಾತ್ರಿಗಳಲ್ಲಿ ಪಂಜರದೊಳಗೆ ರೆಕ್ಕೆ ಬಡಿಯುತ್ತ ಚಡಪಡಿಸಿದವು. ಚೋದನೆಯೇ ಇಲ್ಲದೆಡೆಯಲ್ಲಿ ಮುಟ್ಟಿದರೆ ಮುನಿಯು ಮುನಿಯದು. ಚೋದನೆ ಇಲ್ಲದೆಡೆಯಲ್ಲಿಯೂ ವಲಸೆಹಕ್ಕಿಯು ಹೊರಡಲು ಸಿದ್ಧವಾಗುವುದು. ಇವೆರಡರ ಅಂತರವು ಇದೇ.

ಗೀಜಗನ ಗೂಡೂ ಕಲಿಕೆಯ ಪಾಲೂ

ಹಾಗಾದರೆ ಸಹಜಪ್ರವೃತ್ತಿಯಲ್ಲಿ ಕಲಿಕೆಗೆ ಸ್ಥಾನವೇ ಇಲ್ಲವೆ? ಇದೆಯೆಂದು ನಮ್ಮ ಗೀಜಗವೇ ಸಾಕ್ಷಿ ಹೇಳುವುದು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮುಂಬಯಿಯ ದಕ್ಷಿಣದ ಕಿಹಿಮ್ ಎಂಬ ಕಡಲ ತೀರದ ಊರಿನಲ್ಲಿ ಗೀಜಗಗಳ ಸಂಸಾರವನ್ನು ಒಂದು ಮಳೆಗಾಲವೆಲ್ಲ ಕಾದು ನೋಡಿ, 1931ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಗೂಡು ಹೆಣೆಯುವುದು ಗಂಡು. ಗೂಡು ಅರ್ಧ ಮುಗಿದಾಗ ಹೆಣ್ಣು ಬಂದು ಪರೀಕ್ಷಿಸುವುದು. ಒಪ್ಪಿದರೆ ಮಾತ್ರ ಗಂಡು ಅದನ್ನು ಪೂರ್ಣಗೊಳಿಸಿ, ಬಾಗಿಲಿನ ಕೊಳವೆಯನ್ನು ಇಳಿಬಿಡುವುದು. ಅನಂತರ ಆ ಗಂಡು ಇನ್ನೊಂದು ಗೂಡಿಗೆ ತೊಡಗಿ ಇನ್ನೊಂದು ಹೆಣ್ಣನ್ನು ಕರೆಯುವುದು. ಯಾವ ಗುರುವೂ ಪಾಠ ಹೇಳದೆ, ಪ್ರತಿ ತಲೆಮಾರಿನಲ್ಲಿಯೂ, ಅದೇ ಆಕಾರದ ಗೂಡು ಅದೇ ಕ್ರಮದಲ್ಲಿ ಹುಟ್ಟುವುದು ಸಹಜಪ್ರವೃತ್ತಿಯ ಲಕ್ಷಣ. ಆದರೆ ಎಳೆಯ ಗಂಡಿನ ಮೊದಮೊದಲ ಹೆಣಿಗೆಯು ಸಡಿಲವಾಗಿಯೂ ಅಂಕುಡೊಂಕಾಗಿಯೂ ಇರುವುದು. ಗೀಜಗದ ಆಫ್ರಿಕದ ಬಂಧುವೊಂದನ್ನು ಪರೀಕ್ಷಿಸಿದ ಕಾಲಿಯಾಸ್ ದಂಪತಿಗಳು, ಎಳೆಯದರಲ್ಲಿ ಹಸಿ ಹುಲ್ಲನ್ನು ಹೆಣೆಯುವ ಅವಕಾಶವಿಲ್ಲದೆ ಬೆಳೆದ ಹಕ್ಕಿಯು ಮುಂದೆ ಹೆಣೆಯಲು ಕಷ್ಟಪಡುವುದೆಂದು ಕಂಡುಕೊಂಡರು. ಹೆಣೆಯಬೇಕೆಂಬುದು ವಂಶದ ಕೊಡುಗೆ. ಚೆನ್ನಾಗಿ ಹೆಣೆಯುವುದು ಅಭ್ಯಾಸದ ಫಲ.

ಹೆಬ್ಬಾತುಗಳ ವಲಸೆಯೂ ಹೀಗೆಯೇ. ಹೊರಡಬೇಕೆಂಬ ತವಕವು ಹುಟ್ಟಿನಿಂದ ಬಂದುದು. ಆದರೆ ದಾರಿಯನ್ನು ಮರಿಗಳು ತಂದೆತಾಯಿಗಳ ಜೊತೆಯಲ್ಲಿ ಹಾರಿ ಕಲಿಯುವುವು. 1993ರಲ್ಲಿ ಕೆನಡದ ವಿಲಿಯಂ ಲಿಶ್ಮನ್ ಎಂಬಾತನು ತಾಯಿಯಿಲ್ಲದೆ ಬೆಳೆದ ಹೆಬ್ಬಾತುಗಳಿಗೆ ತನ್ನ ಹಗುರವಾದ ವಿಮಾನವನ್ನೇ ಹಿಂಬಾಲಿಸುವಂತೆ ಅಭ್ಯಾಸ ಮಾಡಿಸಿ, ಆಂಟೇರಿಯೊ ಪ್ರಾಂತದಿಂದ ಅಮೆರಿಕದ ವರ್ಜೀನಿಯಕ್ಕೆ ಕರೆದೊಯ್ದನು. ಮರು ವಸಂತದಲ್ಲಿ ಅವುಗಳಲ್ಲಿ ಬಹುಪಾಲು ತಾವಾಗಿಯೇ ಹಿಂದಿರುಗಿದವು. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಕೋಗಿಲೆ. ಕಾಗೆಯ ಗೂಡಿನಲ್ಲಿ ಹುಟ್ಟಿ, ಕಾಗೆಯ ತುತ್ತನ್ನೇ ತಿಂದು ಬೆಳೆಯುವುದರಿಂದ ಪರಭೃತವೆಂದು ಅದನ್ನು ಪೂರ್ವಿಕರು ಕರೆದರು. ಆದರೂ ದೊಡ್ಡದಾದ ಮೇಲೆ ಅದು ಹಾಡುವುದು ಕೋಗಿಲೆಯ ಹಾಡನ್ನೇ. ಸಾಕಿದವರು ಬದಲಾದರೂ ನಡತೆಯು ಬದಲಾಗದಿದ್ದರೆ ಅದನ್ನು ಹುಟ್ಟುಗುಣವೆನ್ನಬಹುದು. ಸಾಕಿದವರನ್ನು ಅನುಸರಿಸಿ ಬದಲಾದರೆ ಅದು ಕಲಿಕೆ. ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಾಗಿಲ್ಲ.

ಮನುಷ್ಯನಿಗೆ ಬಂದರೆ

ಈ ಒರೆಗಲ್ಲಿಗೆ ಮನುಷ್ಯನ ನಡತೆಯನ್ನು ಉಜ್ಜಿ ನೋಡಿದರೆ ಉಳಿಯುವುದು ಎಷ್ಟು? ಹಸುಗೂಸು ಮೊಲೆಯುಣ್ಣುವುದು, ಅಂಗೈಗೆ ತಗುಲಿದ ಬೆರಳನ್ನು ಬಿಗಿಹಿಡಿಯುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆಗಳು. ಬೆರಳು ಹಿಡಿಯುವ ಈ ಪ್ರತಿಕ್ರಿಯೆಯು ಕೆಲವೇ ತಿಂಗಳುಗಳಲ್ಲಿ ಮರೆಯಾಗುವುದು. ಅಳು ನಗೆಗಳು ಎಲ್ಲ ದೇಶದ ಮಕ್ಕಳಿಗೂ ಸಮಾನ. ನುಡಿಯನ್ನು ಕಲಿಯುವ ಶಕ್ತಿಯೂ ಹುಟ್ಟಿನದೇ. ಆದರೆ ಆ ನುಡಿಯು ಕನ್ನಡವಾಗುವುದೋ ಮರಾಠಿಯಾಗುವುದೋ ತೊಟ್ಟಿಲ ಸುತ್ತಲಿನ ಮಾತನ್ನು ಅವಲಂಬಿಸಿದ್ದು. ಇದನ್ನು ಮೀರಿ ಒಂದು ವೃತ್ತಿಯನ್ನೋ ಒಂದು ದುರ್ಗುಣವನ್ನೋ ಸಹಜಪ್ರವೃತ್ತಿಯೆಂದು ಕರೆಯುವವನು, ಗೀಜಗದ ಗೂಡಿನಂತೆ ಅದು ಮನುಷ್ಯಜಾತಿಗೆಲ್ಲ ಸಮಾನವೆಂದೂ, ಕೋಗಿಲೆಯ ಹಾಡಿನಂತೆ ಯಾರು ಸಾಕಿದರೂ ಬದಲಾಗದೆಂದೂ ರುಜುವಾತು ಮಾಡಬೇಕು. 20ನೆಯ ಶತಮಾನದ ಆರಂಭದಲ್ಲಿ ಮನಶ್ಶಾಸ್ತ್ರಜ್ಞರೇ ಈ ಕಟ್ಟುಪಾಡನ್ನು ಮರೆತು, ಕಂಡ ಕಂಡ ನಡತೆಗೆಲ್ಲ ಒಂದೊಂದು ಸಹಜಪ್ರವೃತ್ತಿಯನ್ನು ಕಲ್ಪಿಸಿದರು. ಅಮೆರಿಕದ ಬರ್ನಾರ್ಡ್ ಎಂಬ ಪಂಡಿತನು 1924ರಲ್ಲಿ ಇವನ್ನು ಲೆಕ್ಕ ಹಾಕಿದಾಗ ಪಟ್ಟಿಯು ಸಾವಿರಾರು ಸಂಖ್ಯೆಗೆ ಏರಿತ್ತು. ಹೆಸರಿಟ್ಟ ಮಾತ್ರಕ್ಕೆ ಕಾರಣವನ್ನು ತಿಳಿದಂತಾಗುವುದಿಲ್ಲ.

ಪಂಡಿತರ ತಪ್ಪು ಪುಸ್ತಕದಲ್ಲಿ ಉಳಿದರೆ ಹಾನಿ ಅಲ್ಪ. ಅದು ಕಾಯಿದೆಯಾದಾಗ ಏನಾಗುವುದೆಂಬುದನ್ನು ನಮ್ಮ ದೇಶವು ಅನುಭವಿಸಿದೆ. 1871ರಲ್ಲಿ ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂಬ ಶಾಸನವನ್ನು ಮಾಡಿ, ಕೆಲವು ಜನಾಂಗಗಳು ಹುಟ್ಟಿನಿಂದಲೇ ಅಪರಾಧದ ಕಸುಬಿನವೆಂದು ಸಾರಿತು. ಬಡಗಿಯ ಮಗನು ಬಡಗಿಯಾಗುವಂತೆ ಕಳ್ಳನ ಮಗನು ಕಳ್ಳನಾಗುವನೆಂಬುದು ಅದರ ಹಿಂದಿನ ವಾದ. 1911ರಲ್ಲಿ ಅದು ಬ್ರಿಟಿಷ್ ಇಂಡಿಯಕ್ಕೆಲ್ಲ ವಿಸ್ತರಿಸಿತು. ಹೆಸರುಗಳನ್ನು ದಫ್ತರಿನಲ್ಲಿ ಬರೆಯಿಸಿ ಹಾಜರಿ ಕೊಡಬೇಕು. ಅಪ್ಪಣೆ ಚೀಟಿಯಿಲ್ಲದೆ ಊರು ಬಿಡಕೂಡದು. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಇವರಿಗಾಗಿ ಕಾವಲಿನ ವಸತಿಗಳು ಏರ್ಪಟ್ಟವು. ಸೆಟ್ಲ್‌ಮೆಂಟ್ ಎಂಬ ಹೆಸರು ಅಲ್ಲಿ ಇಂದಿಗೂ ಉಳಿದಿದೆ.

ಹೀಗೆ ಗುರುತಿಸಲ್ಪಟ್ಟವರಲ್ಲಿ ಕೊರಮ, ಕೊರಚರ ಸ್ಥಿತಿಯನ್ನು ನೋಡಿ. ಇವರಲ್ಲಿ ಅನೇಕರು ಹೇರೆತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಊರಿಂದೂರಿಗೆ ಸಾಗಿಸಿ ಜೀವಿಸುತ್ತಿದ್ದರು. ಸರಕಾರದ ಉಪ್ಪಿನ ಕಟ್ಟಳೆಗಳೂ ರೈಲುದಾರಿಗಳೂ ಬಂದು ಆ ವ್ಯಾಪಾರವನ್ನು ಮುರಿದವು. ಅನ್ನದ ಮಾರ್ಗವು ಮುಚ್ಚಿದಾಗ ಕೆಲವರು ಕಳವಿಗೆ ಇಳಿದಿದ್ದರೆ ಅದು ಹೊರಗಿನ ಒತ್ತಡಕ್ಕೆ ಬಂದ ಪ್ರತಿಕ್ರಿಯೆಯೇ ಹೊರತು ರಕ್ತದಲ್ಲಿ ಹರಿದ ಗುಣವಲ್ಲ. ಒತ್ತಡವನ್ನು ತೆಗೆದರೆ ಪ್ರತಿಕ್ರಿಯೆಯೂ ನಿಲ್ಲುವುದೆಂಬುದು ಹೆಬ್ಬಾತಿನ ಕೊಕ್ಕು ಕಲಿಸಿದ ಪಾಠ. ಅಧಿಕಾರಿಗಳು ಒತ್ತಡವನ್ನು ಹಾಗೆಯೇ ಇಟ್ಟು, ಮನುಷ್ಯನನ್ನು ಬೇಲಿಯೊಳಗೆ ಹಾಕಿದರು.

ಈ ಶಾಸನವು ತನ್ನ ಮಾತನ್ನು ತಾನೇ ಅಲ್ಲಗಳೆದುದೂ ಉಂಟು. ತರುವಾಯದ ತಿದ್ದುಪಡಿಗಳಲ್ಲಿ, ಈ ಜನರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣೆಯ ಶಾಲೆಗಳಲ್ಲಿಡುವ ಅಧಿಕಾರವನ್ನು ಸರಕಾರವು ತೆಗೆದುಕೊಂಡಿತು. ಕಳವು ನಿಜವಾಗಿಯೂ ಹುಟ್ಟುಗುಣವಾಗಿದ್ದರೆ ಮಗುವನ್ನು ಬೇರೆಡೆ ಬೆಳೆಸುವುದರಿಂದ ಪ್ರಯೋಜನವೇನು? ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆಯು ಕಾಗೆಯಾಗುವುದೆ? ಮಗುವು ಬೆಳೆಸಿದಂತೆ ಬೆಳೆಯುವುದೆಂದು ಒಪ್ಪಿದ ಕ್ಷಣದಲ್ಲಿ, ಅದರ ತಂದೆಯನ್ನು ಹುಟ್ಟುಗಳ್ಳನೆಂದು ಬರೆದ ದಫ್ತರು ಸುಳ್ಳಾಯಿತು. ತರ್ಕಕ್ಕೆ ಸಿಕ್ಕದ ಈ ವ್ಯವಸ್ಥೆಯಲ್ಲಿ ತಾಯಿಮಕ್ಕಳು ಅಗಲಿದುದೊಂದೇ ನಿಜವಾದುದು.

ಇಂತಹ ಭ್ರಮೆಯು ವಿದೇಶೀ ಅಧಿಕಾರಿಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಹೆಬ್ಬಾತಿನ ಮೊಟ್ಟೆಯಲ್ಲಿ ಅಷ್ಟು ಸೂಕ್ಷ್ಮವಾದ ಭೇದವನ್ನು ಕಂಡ ಲೊರೆಂಜನು 1938ರಲ್ಲಿ ನಾಜಿ ಪಕ್ಷವನ್ನು ಸೇರಿ, 1940ರಲ್ಲಿ ಸಾಕುಪ್ರಾಣಿಗಳ ಪ್ರವೃತ್ತಿಗಳು ಕೆಡುವಂತೆ ನಾಗರಿಕ ಮನುಷ್ಯನ ಪ್ರವೃತ್ತಿಗಳೂ ಕೆಡುವುವೆಂದು, ಆ ಪಕ್ಷದ ಜನಾಂಗನೀತಿಗೆ ಒದಗುವಂತೆ ಬರೆದನು. ಅವನ ಜೊತೆಗಾರ ಟಿನ್ಬರ್ಗೆನನು ಯೆಹೂದ್ಯ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದುದನ್ನು ವಿರೋಧಿಸಿ ನಾಜಿಗಳ ಶಿಬಿರದಲ್ಲಿ ಬಂಧಿಯಾದನು. 1973ರಲ್ಲಿ ಇಬ್ಬರಿಗೂ, ಜೇನುಹುಳುಗಳ ನರ್ತನವನ್ನು ಅರ್ಥಮಾಡಿದ ಕಾರ್ಲ್ ಫಾನ್ ಫ್ರಿಶ್‌ನಿಗೂ, ನೊಬೆಲ್ ಪಾರಿತೋಷಕವು ಒಟ್ಟಿಗೆ ದೊರೆಯಿತು. ಹಕ್ಕಿಯ ವಿಷಯದಲ್ಲಿ ಪರೀಕ್ಷಿಸಿ ಮಾತನಾಡಿದವನು ಮನುಷ್ಯರ ವಿಷಯದಲ್ಲಿ ಪರೀಕ್ಷಿಸದೆ ಮಾತನಾಡಿದುದು ವಿದ್ಯಾವಂತರೆಲ್ಲರಿಗೂ ಎಚ್ಚರಿಕೆ.

ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಶಾಸನವನ್ನು ರದ್ದುಗೊಳಿಸಿತು. ಅಂದಿನಿಂದ ಈ ಜನರು ವಿಮುಕ್ತರೆನಿಸಿಕೊಂಡರು. ಶಾಸನವು ಹೋದಷ್ಟು ಬೇಗ ಅಭ್ಯಾಸವು ಹೋಗಲಿಲ್ಲ. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳ ನಿಯಮಾವಳಿಗಳಲ್ಲಿನ ಜಾತಿಭೇದವನ್ನು ಅಸಿಂಧುವೆಂದು ಸಾರಿದಾಗ, ವಿಮುಕ್ತ ಜನರನ್ನು ಅಪರಾಧದ ಚಾಳಿಯವರೆಂದು ಎಣಿಸುವ ನಿಯಮಗಳು ಇನ್ನೂ ಉಳಿದಿದ್ದುದು ಬೆಳಕಿಗೆ ಬಂದಿತು. ಎಪ್ಪತ್ತು ವರ್ಷಗಳಾದ ಮೇಲೂ ಹಳೆಯ ಮಾತು ದಫ್ತರಿನ ಮೂಲೆಯಲ್ಲಿ ಉಸಿರಾಡುತ್ತಿತ್ತು.

ಆದುದರಿಂದ ಗಾದೆಯನ್ನು ಬಿಡಬೇಕೆಂದಲ್ಲ. ಅದನ್ನು ಅದರ ಸ್ಥಾನದಲ್ಲಿರಿಸಬೇಕು. ಗೀಜಗದ ಹೆಣಿಗೆಗೂ ಹೆಬ್ಬಾತಿನ ಚಡಪಡಿಕೆಗೂ ಕೋಗಿಲೆಯ ಹಾಡಿಗೂ ಅದು ಒಪ್ಪುವುದು. ಒಬ್ಬ ಮನುಷ್ಯನ, ಅದಕ್ಕಿಂತಲೂ ಹೆಚ್ಚಾಗಿ ಒಂದು ಜನಾಂಗದ, ನಡತೆಯನ್ನು ಕುರಿತು ವರದಿ ಬರೆಯುವ ಪೊಲೀಸ್ ಅಧಿಕಾರಿಯಾಗಲಿ, ಮಾಸ್ತರನಾಗಲಿ, ನೆರೆಯವನಾಗಲಿ, ಸ್ವಭಾವತಃ ಎಂಬ ಪದವನ್ನು ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ನಡತೆಗೆ ಹೊರಗಿನ ಕಾರಣವೇನಾದರೂ ಉಂಟೆ? ಆ ಕಾರಣವು ತಪ್ಪಿದರೆ ನಡತೆಯು ಉಳಿಯುವುದೆ? ಇದೇ ಮಗುವು ಬೇರೆಯ ಮನೆಯಲ್ಲಿ ಬೆಳೆದಿದ್ದರೆ ಹೀಗೆಯೇ ನಡೆಯುತ್ತಿತ್ತೆ? ಉತ್ತರಗಳು ದೊರೆಯುವವರೆಗೆ ಆ ಪದವನ್ನು ಬರೆಯದಿರುವುದೇ ನ್ಯಾಯ.